ನೆರೆ ಬಂದಾಗ ನಮ್ಮ ವಾಟ್ಸಾಪ್ ಗುಂಪಿನಿಂದ ನಿಜಕ್ಕೂ ಏನಾದರೂ ಉಪಯೋಗ ಇದೆಯಾ?

ಸಂಜೆಮಲ್ಲಿಗೆ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಈ ವಿಷಯದಲ್ಲಿ ಕೈಯಾರೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ.

ನಾವೊಂದಿಷ್ಟು ಜನ ಸೇರಿ ಸ್ವಯಂಸೇವಕರ ಗುಂಪು ಮಾಡಿಕೊಂಡಿದ್ದೇವೆ. ನೆರೆ, ಬೆಂಕಿ, ಭೂಕುಸಿತ ಅಂತ ಏನಾದರೂ ಆದರೆ ಕೈಲಾದಷ್ಟು ಮಾಡೋಣ ಎಂಬ ಆಸೆ. ನಮ್ಮಲ್ಲಿ ಯಾರಿಗೂ ದೋಣಿ ನಡೆಸಲು ಬರುವುದಿಲ್ಲ. ಹಗ್ಗ ಹಿಡಿದು ಇಳಿಯುವ ತರಬೇತಿಯೂ ಇಲ್ಲ. ಬರುವುದು ಫೋನು, ಲ್ಯಾಪ್‌ಟಾಪ್ ಅಷ್ಟೇ. ಹಾಗಾಗಿ ವಾಟ್ಸಾಪ್, ಫೇಸ್‌ಬುಕ್, ಎಕ್ಸ್‌ನಲ್ಲಿ ಜನ ಹಾಕುವ ಕೋರಿಕೆಗಳನ್ನು ಒಟ್ಟುಮಾಡಿ ರಕ್ಷಣಾ ತಂಡಗಳಿಗೆ ತಲುಪಿಸೋಣ ಅಂದುಕೊಂಡೆವು.

ಕಳೆದ ಮಳೆಗಾಲದಲ್ಲಿ ಇದನ್ನು ಮಾಡಲು ಹೋಗಿ ಎಲ್ಲರ ತಲೆ ಕೆಟ್ಟುಹೋಯಿತು. ಒಂದೇ ಮನೆಯ ಕೋರಿಕೆ ನಾಲ್ಕಾರು ಗುಂಪುಗಳಿಂದ ಬರುತ್ತಿತ್ತು, ಪ್ರತಿ ಸಲವೂ ವಿಳಾಸ ಸ್ವಲ್ಪ ಬೇರೆ. ಯಾವುದು ಇವತ್ತಿನದು, ಯಾವುದು ನಿನ್ನೆಯದು ಗೊತ್ತಾಗುತ್ತಿರಲಿಲ್ಲ. ಗುಂಪಿನಲ್ಲಿರುವ ಹಿರಿಯರೊಬ್ಬರು ಈಗ ಹೇಳುತ್ತಿದ್ದಾರೆ, 'ಇದೆಲ್ಲ ಬರೀ ಗದ್ದಲ. ತುರ್ತು ನಂಬರಿಗೆ ಫೋನ್ ಮಾಡಿ ಅಂತ ಹೇಳಿ ಸುಮ್ಮನಾಗೋಣ.' ಇನ್ನೊಬ್ಬ ಹುಡುಗನಿಗೆ ಇದಕ್ಕೆಂದೇ ಒಂದು ಆಪ್ ಮಾಡುವ ಹುಮ್ಮಸ್ಸು.

ಯಾರ ಮಾತು ಸರಿ? ಮಾಡುವುದಾದರೆ ಹೇಗೆ ಮಾಡಬೇಕು?

ದಾರಿಹೋಕ ಉತ್ತರಿಸಿದ್ದಾರೆ:

ನಿಮ್ಮ ಹಿರಿಯರ ಮಾತೇ ಸರಿ ಅಂತ ನನಗನ್ನಿಸುತ್ತದೆ. ತುರ್ತು ಸೇವೆಗೆ ಅಂತ ಒಂದು ನಂಬರ್ ಇರುವುದು ಯಾಕೆ? ಅಲ್ಲಿ ಕೂತವರಿಗೆ ತರಬೇತಿ ಇರುತ್ತದೆ, ಕರೆ ದಾಖಲಾಗುತ್ತದೆ. ಫೇಸ್‌ಬುಕ್‌ನಲ್ಲಿ ಕೂಗಿಕೊಂಡರೆ ಯಾರ ಜವಾಬ್ದಾರಿ? 'ಶೇರ್ ಮಾಡಿ ಪ್ಲೀಸ್' ಅನ್ನುವವರಲ್ಲಿ ಮುಕ್ಕಾಲು ಪಾಲು ಜನ ಶೇರ್ ಮಾಡಿದ ಮೇಲೆ ತಮ್ಮ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತಾರೆ.

ಕೀಲಿಮಣೆ ಉತ್ತರಿಸಿದ್ದಾರೆ:

ಸಂಜೆಮಲ್ಲಿಗೆ ಅವರೇ, ನಾನು ಈ ಕೆಲಸ ಮಾಡಿದವನು. ನೀರಿಗಿಳಿದವನಲ್ಲ, ನಿಮ್ಮ ಹಾಗೆಯೇ ಲ್ಯಾಪ್‌ಟಾಪ್ ಮುಂದೆ ಕೂತವನು. ಒಂದಕ್ಕಿಂತ ಹೆಚ್ಚು ನೆರೆಯಲ್ಲಿ, ರಾತ್ರಿ ಪಾಳಿಯಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ದಾರಿಹೋಕ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮೊದಲು ತುರ್ತು ನಂಬರಿಗೇ ಫೋನ್ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿಗೆ ಊರೇ ಮುಳುಗಿದಾಗ ಆ ನಂಬರ್ ಸಿಗುವುದಿಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಅಮೆರಿಕದ ಹೂಸ್ಟನ್‌ನಲ್ಲಿ ಆಗಿದ್ದು ಅದೇ. ಅಲ್ಲಿನ ತುರ್ತು ನಂಬರ್ 911ಕ್ಕೆ ಲೈನ್ ಸಿಗದೆ ಜನ ತಮ್ಮ ವಿಳಾಸವನ್ನು ಟ್ವಿಟರ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಹಾಕಿದರು. ದೋಣಿ ಇದ್ದ ಸಾಮಾನ್ಯ ಜನ ಅದನ್ನು ನೋಡಿಕೊಂಡು ಹೋದರು. ಅಷ್ಟು ದೊಡ್ಡ ವ್ಯವಸ್ಥೆ ಇರುವ ಕಡೆಯೇ ಹೀಗೆ.

ಇನ್ನೊಂದು ಘಟನೆ ಹೇಳುತ್ತೇನೆ. ಇದು ಈ ಕೆಲಸಕ್ಕೆ ಕೈಹಾಕುವ ಎಲ್ಲರಿಗೂ ಗೊತ್ತಿರಬೇಕು. 2011ರ ಮಾರ್ಚ್ 11, ಜಪಾನಿನ ಸುನಾಮಿ. ಕೆಸೆನ್ನುಮಾ ಎಂಬ ಬಂದರು ಊರಿನಲ್ಲಿ ಸಮುದಾಯ ಭವನವೊಂದರ ಮೇಲೆ ಜನ ಸಿಕ್ಕಿಬಿದ್ದಿದ್ದರು. ಸುತ್ತ ನೀರು, ನೀರಿನ ಮೇಲೆ ಬೆಂಕಿ. ಅಲ್ಲಿದ್ದ ಒಬ್ಬ ತಾಯಿ ಮೊಬೈಲಿನಿಂದ ಮನೆಯವರಿಗೆ ಮೇಲ್ ಕಳಿಸಿದರು. ಮಗ ಲಂಡನ್‌ನಲ್ಲಿದ್ದ. ಅವನು ಅಲ್ಲಿಂದ ಟ್ವೀಟ್ ಮಾಡಿದ. ಅದು ಕೈಯಿಂದ ಕೈಗೆ ಹೋಗಿ ಟೋಕಿಯೊದ ಆಗಿನ ಉಪ ಗವರ್ನರ್ ನಾವೊಕಿ ಇನೊಸೆ ಕಣ್ಣಿಗೆ ಬಿತ್ತು. ಅವರು ಟೋಕಿಯೊ ಅಗ್ನಿಶಾಮಕ ದಳದ ಹೆಲಿಕಾಪ್ಟರ್ ಕಳಿಸುವ ಏರ್ಪಾಡು ಮಾಡಿದರು. 446 ಜನ ಉಳಿದರು.

ಇದನ್ನು ಎಲ್ಲರೂ 'ನೋಡಿ, ಸೋಶಿಯಲ್ ಮೀಡಿಯಾದ ಶಕ್ತಿ' ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಆ ಹುಡುಗ ಬರೆದ ರೀತಿ. ಕಟ್ಟಡದ ಹೆಸರಿತ್ತು. ಎಷ್ಟನೇ ಮಹಡಿ ಅಂತ ಇತ್ತು. ಮಕ್ಕಳಿದ್ದಾರೆ ಅಂತ ಇತ್ತು. ನೆಲದ ಮೇಲಿಂದ ಹತ್ತಿರ ಹೋಗಲು ಆಗುವುದಿಲ್ಲ, ಆಕಾಶದಿಂದಲೇ ಬರಬೇಕು ಅಂತ ಇತ್ತು. ಅದನ್ನು ಓದಿದ ಅಧಿಕಾರಿ ಯಾರನ್ನೂ ಏನೂ ಮರುಪ್ರಶ್ನೆ ಕೇಳದೆ ಆದೇಶ ಕೊಡಬಹುದಿತ್ತು. 'ನಮ್ಮಮ್ಮ ಸಿಕ್ಕಿಬಿದ್ದಿದ್ದಾರೆ, ಯಾರಾದರೂ ಕಾಪಾಡಿ' ಅಂತಷ್ಟೇ ಬರೆದಿದ್ದರೆ ಸಾವಿರ ಜನ ಕಣ್ಣೀರಿನ ಇಮೋಜಿ ಹಾಕುತ್ತಿದ್ದರು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಕೋರಿಕೆ ಒಟ್ಟುಮಾಡುವುದೇ ಕೆಲಸ ಅಂದುಕೊಂಡಿರುತ್ತಾರೆ. ಅದು ತಾನಾಗೇ ಆಗುತ್ತದೆ ಮಾರಾಯ್ರೇ. ಬೇಡ ಅಂದರೂ ಬಂದು ಬೀಳುತ್ತವೆ. ಕಷ್ಟ ಇರುವುದು ಮುಚ್ಚುವುದರಲ್ಲಿ. ಅಂದರೆ, 'ಈ ಮನೆಯವರು ಹೊರಗೆ ಬಂದಿದ್ದಾರೆ, ಇನ್ನು ಯಾರೂ ಅಲ್ಲಿಗೆ ಹೋಗಬೇಡಿ' ಅಂತ ಖಚಿತಪಡಿಸಿ, ಆ ಸಂದೇಶ ಓಡಾಡುವುದನ್ನು ನಿಲ್ಲಿಸುವುದು. ಜಪಾನಿನ ಅದೇ ಸುನಾಮಿಯಲ್ಲಿ, ರಕ್ಷಣೆ ಆದ ಮೇಲೂ ಹಳೇ ಕೋರಿಕೆಗಳು ಮರುಟ್ವೀಟ್ ಆಗುತ್ತಲೇ ಇದ್ದವು. ಖಾಲಿ ಮನೆಯ ಮುಂದೆ ದೋಣಿ ನಿಂತಿದೆ ಅಂದರೆ ಇನ್ನೊಂದು ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ ಅಂತ ಅರ್ಥ.

ಹಳೇ ಸಂದೇಶ ಸಾಯದಿರಲು ಒಂದು ಕಾರಣ ನಮ್ಮದೇ ಅಭ್ಯಾಸ. 'ಶೇರ್ ಬೇಡ, ಕಾಪಿ ಪೇಸ್ಟ್ ಮಾಡಿ' ಅಂತ ಯಾರೋ ಹೇಳಿಕೊಟ್ಟಿದ್ದಾರೆ, ಎಲ್ಲರೂ ಅದನ್ನೇ ಮಾಡುತ್ತಾರೆ. ಉಳಿದ ಸಮಯದಲ್ಲಿ ಏನೋ ಸರಿ. ನೆರೆಯಲ್ಲಿ ಇದು ಪೂರ್ತಿ ಉಲ್ಟಾ. ಫೇಸ್‌ಬುಕ್‌ನಲ್ಲಿ ಮೂಲ ಪೋಸ್ಟನ್ನು ಶೇರ್ ಮಾಡಿದ್ದರೆ, ಬರೆದವರು ಮೇಲ್ಗಡೆ 'ರಕ್ಷಣೆ ಆಯಿತು' ಅಂತ ತಿದ್ದಿದ ಕೂಡಲೇ ಶೇರ್ ಆದ ಕಡೆಯೆಲ್ಲ ಅದೇ ಕಾಣಿಸುತ್ತದೆ. ಕಾಪಿ ಮಾಡಿದ ಪಠ್ಯಕ್ಕೆ ಆ ತಿದ್ದುಪಡಿ ತಲುಪುವುದೇ ಇಲ್ಲ. ಅದರಲ್ಲಿ ಮೂಲದ ದಿನಾಂಕವೂ ಇರುವುದಿಲ್ಲ. ಮೂರು ದಿನದ ಹಿಂದಿನದು 'ಈಗಷ್ಟೇ' ಅಂತ ಕಾಣಿಸುತ್ತದೆ. ಇದು ಸಾಲದು ಅಂತ ಈ ಜಾಲತಾಣಗಳು ಪೋಸ್ಟುಗಳನ್ನು ಹಾಕಿದ ಹೊತ್ತಿನ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಜಾಸ್ತಿ ಲೈಕ್ ಬಿದ್ದಿದ್ದು ಮೇಲೆ ಬರುತ್ತದೆ.

ಹಾಗಾಗಿ ನಿಮ್ಮ ಗುಂಪಿನ ಮೊದಲ ನಿಯಮ ಇದಾಗಲಿ: ಸಮಯ ಬರೆಯದ ಕೋರಿಕೆಯನ್ನು ಮುಂದೆ ಕಳಿಸುವುದಿಲ್ಲ. ನಾವು ಜನರಿಗೆ ಕಳಿಸುತ್ತಿದ್ದ ಮಾದರಿ ಸುಮಾರಾಗಿ ಹೀಗಿತ್ತು:

'ಮಂಗಳವಾರ ಸಂಜೆ 5:40. ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡು ಅಂತಸ್ತಿನ ಹಳದಿ ಮನೆ. ಮಹಡಿಯಲ್ಲಿ 6 ಜನ. ಒಬ್ಬ ಅಜ್ಜಿ ನಡೆಯಲಾರರು, ಒಂದು ಹಸುಗೂಸು. ನೀರು ಕೆಳಮನೆಯ ಕಿಟಕಿಯವರೆಗೆ ಬಂದಿದೆ, ಇನ್ನೂ ಏರುತ್ತಿದೆ. ದೋಣಿ ಬೇಕು. ಫೋನ್ ಚಾರ್ಜ್ 30 ಶೇಕಡ.'

ಇಷ್ಟು ಸಾಕು. 'ದಯವಿಟ್ಟು', 'ಬೇಗ', 'ತುಂಬಾ ಅರ್ಜೆಂಟ್' ಯಾವುದೂ ಬೇಡ. ಹಳದಿ ಬಣ್ಣ ಬರೆದಿದ್ದು ಸುಮ್ನೆ ಅಲ್ಲ. ಬೀದಿಯ ಫಲಕ ನೀರಿನಡಿ ಹೋಗಿರುತ್ತದೆ, ದೋಣಿಯವನಿಗೆ ಕಾಣುವುದು ಮಹಡಿ ಮಾತ್ರ.

ಕೋರಿಕೆ ಬಂತು. ಮುಂದೆ? ಫೋನ್ ಮಾಡಿ ಕೇಳಬೇಕು. ಇಲ್ಲಿ ಒಂದು ಅಪಾಯ ಇದೆ, ಯಾರೂ ಯೋಚಿಸುವುದಿಲ್ಲ. ಸಂದೇಶ ಹಬ್ಬಿದ ಮೇಲೆ ಒಳ್ಳೆಯ ಮನಸ್ಸಿನ ಜನ ಎಲ್ಲ ಕಡೆಯಿಂದ ಆ ನಂಬರಿಗೆ ಫೋನ್ ಮಾಡಲು ಶುರುಮಾಡುತ್ತಾರೆ. 'ಸಾರ್, ನಿಮಗೆ ಸಹಾಯ ಬಂತಾ?' ಒಬ್ಬೊಬ್ಬರೂ ಎರಡು ನಿಮಿಷ. ಕರೆಂಟ್ ಇಲ್ಲದ ಮನೆಯಲ್ಲಿ ಆ ಫೋನು ಹೀಗೆಯೇ ಸಾಯುತ್ತದೆ. ದೋಣಿಯವರು ಹತ್ತಿರ ಬಂದು ಕರೆ ಮಾಡಿದಾಗ ಸ್ವಿಚ್ ಆಫ್. ಒಂದು ಕೋರಿಕೆಗೆ ಒಬ್ಬನೇ ಸ್ವಯಂಸೇವಕ, ಅವನೇ ಮೊದಲಿನಿಂದ ಕೊನೆಯವರೆಗೆ. ಅವನು ಕೂಡ ಮೊದಲ ಕರೆ ಆದ ಮೇಲೆ ಎಸ್‌ಎಂಎಸ್ ಮಾತ್ರ ಮಾಡಬೇಕು. ಇಂಟರ್ನೆಟ್ ಇಲ್ಲದಿದ್ದಾಗಲೂ ಎಸ್‌ಎಂಎಸ್ ಎಷ್ಟೋ ಸಲ ಹೋಗುತ್ತದೆ, ಬ್ಯಾಟರಿಯನ್ನೂ ತಿನ್ನುವುದಿಲ್ಲ.

ಕರೆಯಲ್ಲಿ 'ನಿಜವಾಗಿಯೂ ತೊಂದರೆಯಲ್ಲಿದ್ದೀರಾ' ಅಂತ ಕೇಳಬೇಡಿ. ಹೌದು ಅಂತಲೇ ಹೇಳುತ್ತಾರೆ, ಜೊತೆಗೆ ಸಿಟ್ಟೂ ಬರುತ್ತದೆ. 'ಈಗ ನೀರು ಎಷ್ಟನೇ ಮೆಟ್ಟಿಲಲ್ಲಿದೆ?' ಅಂತ ಕೇಳಿ. ಒಳಗಿರುವವರು ಥಟ್ಟಂತ ಉತ್ತರ ಕೊಡುತ್ತಾರೆ. ಹೊರಗಿನವರಾದರೆ 'ಇರಿ, ಅಣ್ಣನನ್ನು ಕೇಳಿ ಹೇಳ್ತೀನಿ' ಅನ್ನುತ್ತಾರೆ. ಪೋಸ್ಟ್ ಹಾಕುವವರಲ್ಲಿ ಬಹಳ ಮಂದಿ ಹೊರಗಿನವರೇ, ಎಲ್ಲೋ ದೂರದಲ್ಲಿರುವ ಮಗಳೋ ತಮ್ಮನೋ. ಅದರಲ್ಲಿ ತಪ್ಪಿಲ್ಲ, ಕೆಸೆನ್ನುಮಾದಲ್ಲೂ ಹಾಗೇ ಅಲ್ವಾ ಆಗಿದ್ದು. ಆದರೆ ಒಳಗಿರುವವರ ನಂಬರ್ ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು.

ಇದರಲ್ಲೇ ಇನ್ನೊಂದು ಸಿಕ್ಕು. ನೀವು 'ಲೊಕೇಶನ್ ಕಳಿಸಿ' ಅಂತೀರಿ. ಗಾಬರಿಯಲ್ಲಿರುವ ತಮ್ಮ ವಾಟ್ಸಾಪ್‌ನಲ್ಲಿ 'ಈಗಿನ ಸ್ಥಳ' ಒತ್ತುತ್ತಾನೆ. ಬರುವುದು ಅವನು ಕೂತಿರುವ ಜಾಗದ ಪಿನ್, ಅಣ್ಣನ ಮನೆಯದಲ್ಲ! ನಕ್ಷೆ ತೆಗೆದು ನೋಡಿದರೆ ಪಿನ್ ಇರುವುದು ಒಣ ನೆಲದ ಮೇಲೆ, ಬೇರೆ ಊರಿನಲ್ಲಿ. ಇಂಥ ಪಿನ್ ನೋಡಿ 'ಸುಳ್ಳು ಕೋರಿಕೆ' ಅಂತ ತೆಗೆದುಹಾಕಿದವರನ್ನೂ ಕಂಡಿದ್ದೇನೆ. ಕೋರಿಕೆ ನಿಜವೇ, ಪಿನ್ ಮಾತ್ರ ಬೇರೆಯವರದು. ಪಿನ್ ಬಂದ ಕೂಡಲೇ 'ಇದು ನೀವಿರುವ ಜಾಗವೋ, ಅವರಿರುವ ಜಾಗವೋ' ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅಕ್ಷಾಂಶ ರೇಖಾಂಶ ಸಿಕ್ಕರೆ ದಶಾಂಶ ಬಿಂದುವಿನ ನಂತರ ನಾಲ್ಕು ಅಂಕಿ ಸಾಕು, ಅಷ್ಟರಲ್ಲಿ ಸುಮಾರು 11 ಮೀಟರ್ ಒಳಗೆ ಜಾಗ ಗೊತ್ತಾಗುತ್ತದೆ. ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರಿಗೂ ಮೀರಿ ಆಚೀಚೆ ಆಗಬಹುದು.

ಒಂದೇ ಮನೆ ನಾಲ್ಕಾರು ಸಲ ಬರುತ್ತದೆ ಅಂದಿರಲ್ಲ, ಅದಕ್ಕೆ ಉಪಾಯ ಸುಲಭ. ಹೆಸರು, ವಿಳಾಸ ನೋಡಿ ಹುಡುಕಬೇಡಿ. ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಫೋನ್ ನಂಬರಿನ ಕೊನೆಯ ಐದು ಅಂಕಿ ಹಾಕಿ ಹುಡುಕಿ. ಅಲ್ಲೇ ಮುಕ್ಕಾಲು ಪಾಲು ನಕಲು ಸಿಕ್ಕಿಬೀಳುತ್ತವೆ.

ದಾರಿಹೋಕರೇ, ಜವಾಬ್ದಾರಿ ಯಾರದು ಅಂದಿರಿ. ಸರಿಯಾದ ಪ್ರಶ್ನೆ. ಅದಕ್ಕೇ ನಾನು ಪದೇ ಪದೇ ಹೇಳುವುದು, ನೀರು ಬರುವ ಮುಂಚೆಯೇ ಹೋಗಿ, ರಕ್ಷಣಾ ತಂಡಗಳನ್ನು ಕಳಿಸುವ ಸರ್ಕಾರಿ ನಿಯಂತ್ರಣ ಕೊಠಡಿಯವರನ್ನು ಮಾತಾಡಿಸಿ. ಅಮೆರಿಕದಲ್ಲಿ 2011ರ ಸುಮಾರಿಗೆ ಇಂಥ ಸ್ವಯಂಸೇವಕರ ತಂಡಗಳನ್ನು ತುರ್ತು ನಿರ್ವಹಣೆಯ ಅಧಿಕಾರಿಗಳ ಜೊತೆ ಮೊದಲೇ ಜೋಡಿಸಿಡುವ ಪದ್ಧತಿ ಶುರುವಾಯಿತು. ವಾಸ್ಟ್ ಅಂತ ಕರೆಯುತ್ತಾರೆ. ಜರ್ಮನಿಯ ಸರ್ಕಾರಿ ರಕ್ಷಣಾ ಸಂಸ್ಥೆ ಟಿಎಚ್‌ಡಬ್ಲ್ಯು ಹತ್ತಿರವೂ ಅಂಥದ್ದೊಂದು ತಂಡ ಇದೆ. ಜಾಲತಾಣಗಳನ್ನು ಜಾಲಾಡಿ, ಪರೀಕ್ಷಿಸಿ, ಅಧಿಕಾರಿಗೆ ಚಿಕ್ಕ ಪಟ್ಟಿ ಕೊಡುವುದು ಅವರ ಕೆಲಸ. ನಿಮ್ಮಿಂದಲೂ ಒಬ್ಬರೇ ಅವರ ಜೊತೆ ಮಾತಾಡಬೇಕು, ಒಂದೇ ಪಟ್ಟಿ ಹೋಗಬೇಕು. ನಿಮ್ಮ ಗುಂಪಿನ ಇಪ್ಪತ್ತು ಜನ ಇಪ್ಪತ್ತು ಸಲ ಫೋನ್ ಮಾಡಿದರೆ ತುರ್ತು ಲೈನ್ ತುಂಬಿಸಿದವರು ನೀವೇ ಆಗುತ್ತೀರಿ.

ಹಳೇ ರೇಡಿಯೋ ಉತ್ತರಿಸಿದ್ದಾರೆ:

ಕೀಲಿಮಣೆ ಚೆನ್ನಾಗಿ ಬರೆದಿದ್ದಾರೆ. ನಾನು ಹ್ಯಾಮ್ ರೇಡಿಯೋದವನು, ಅಂದರೆ ಮೊಬೈಲ್ ನೆಟ್‌ವರ್ಕ್ ಇಲ್ಲದೆಯೂ ಸ್ವಂತ ರೇಡಿಯೋದಲ್ಲಿ ಮಾತಾಡುವ ಹವ್ಯಾಸಿ. ಒಂದೆರಡು ಮಾತು ಸೇರಿಸುತ್ತೇನೆ.

ಟವರ್‌ಗಳ ಬ್ಯಾಟರಿ ಕೆಲವೇ ಗಂಟೆ. ಆಮೇಲೆ ಡೀಸೆಲ್ ತಲುಪದಿದ್ದರೆ ಮೊಬೈಲು ಇಲ್ಲ, ನಿಮ್ಮ ವಾಟ್ಸಾಪೂ ಇಲ್ಲ. ಸರ್ಕಾರವೇ ನಿಲ್ಲಿಸುವುದೂ ಉಂಟು. 2023ರ ಫೆಬ್ರವರಿ 6ರಂದು ಟರ್ಕಿಯಲ್ಲಿ ಭೂಕಂಪ ಆಯಿತು. ಅವಶೇಷದ ಕೆಳಗಿಂದಲೇ ಜನ ವಿಳಾಸ ಟ್ವೀಟ್ ಮಾಡುತ್ತಿದ್ದರು, ಅಲ್ಲಿನ ಪ್ರೋಗ್ರಾಮರ್‌ಗಳು ಆ ಟ್ವೀಟುಗಳಿಂದ ವಿಳಾಸ ಹೆಕ್ಕಿ ನಕ್ಷೆ ಮಾಡುತ್ತಿದ್ದರು. 8ನೇ ತಾರೀಕು ಟ್ವಿಟರ್‌ಗೇ ತಡೆ ಬಿತ್ತು. ಕೆಲವು ಗಂಟೆಗಳ ನಂತರ ತೆರೆದರು, ಆದರೆ ಆ ಗಂಟೆಗಳು ಎಂಥವು ಯೋಚಿಸಿ. ಒಂದೇ ಜಾಲತಾಣವನ್ನು ನೆಚ್ಚಿಕೊಳ್ಳಬೇಡಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದು. ನಕ್ಷೆಯಲ್ಲಿ ಕೋರಿಕೆಗಳ ಚುಕ್ಕೆ ಎಲ್ಲಿ ದಟ್ಟವಾಗಿದೆಯೋ ಅಲ್ಲೇ ಜಾಸ್ತಿ ತೊಂದರೆ ಅಂದುಕೊಳ್ಳುತ್ತೇವೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ಟ್ವೀಟುಗಳಲ್ಲಿ ಹೆಚ್ಚಿನವು ಮ್ಯಾನ್‌ಹಟನ್‌ನಿಂದ ಬಂದವು. ನಿಜವಾಗಿ ಏಟು ತಿಂದ ರಾಕವೇ, ಕೋನಿ ಐಲ್ಯಾಂಡ್, ಬ್ರೀಜಿ ಪಾಯಿಂಟ್ ಕಡೆಯಿಂದ ಬಂದಿದ್ದು ಕಡಿಮೆ. ಅಲ್ಲಿ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ವಯಸ್ಸಾದವರು, ಸ್ಮಾರ್ಟ್‌ಫೋನ್ ಇಲ್ಲದವರು ಮೊದಲೇ ಇದರಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಒಂದೂ ಕೋರಿಕೆ ಬಾರದ ಬೀದಿಗಳನ್ನು ಬೇರೆಯಾಗಿ ಬರೆದು ನಿಯಂತ್ರಣ ಕೊಠಡಿಗೆ ಕೊಡಿ. 'ಇಲ್ಲಿಂದ ಸುದ್ದಿಯೇ ಇಲ್ಲ' ಅನ್ನುವುದೂ ಅವರಿಗೆ ಬೇಕಾದ ಸುದ್ದಿ.

ದಾರಿಹೋಕ ಉತ್ತರಿಸಿದ್ದಾರೆ:

ಆ ಸಮುದಾಯ ಭವನದ ಕಥೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೂ ನನ್ನ ಅನುಮಾನ ಸುಳ್ಳು ಸುದ್ದಿಯ ಬಗ್ಗೆ. ಇದೇ ಗುಂಪುಗಳಲ್ಲೇ ಅಲ್ವಾ 'ಅಣೆಕಟ್ಟು ಒಡೆಯಿತು' ಅಂತ ಹಬ್ಬುವುದು? ಹೆದ್ದಾರಿಯಲ್ಲಿ ಶಾರ್ಕ್ ಈಜುವ ಫೋಟೋ ನನಗೇ ಎಷ್ಟು ಸಲ ಬಂದಿದೆಯೋ.

ಕೀಲಿಮಣೆ ಉತ್ತರಿಸಿದ್ದಾರೆ:

ಆ ಶಾರ್ಕ್ ಮಹಾ ಗಟ್ಟಿ ಪ್ರಾಣಿ. 2011ರಲ್ಲಿ ಐರೀನ್ ಚಂಡಮಾರುತದ ಹೊತ್ತಿಗೆ ಪೋರ್ಟೊ ರಿಕೊದಲ್ಲಿ ಅಂತ ಹೇಳಿಕೊಂಡು ಹುಟ್ಟಿತು. ಹಾರ್ವಿಯಲ್ಲಿ ಹೂಸ್ಟನ್‌ಗೆ ಬಂತು. ಯಾವ ಊರು ಮುಳುಗಿದರೂ ಅದು ಅಲ್ಲಿ ಹಾಜರು.

ಆದರೆ ಅದೇ ಹಾರ್ವಿಯಲ್ಲಿ ಇನ್ನೊಂದು ಫೋಟೋ ಬಂತು. ಟೆಕ್ಸಾಸ್‌ನ ಡಿಕಿನ್ಸನ್ ಎಂಬ ಊರಿನ ವೃದ್ಧಾಶ್ರಮ. ಅಜ್ಜಿಯರು ಸೊಂಟದವರೆಗಿನ ಕಂದು ನೀರಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ಸಾಮಾನು ತೇಲುತ್ತಿದೆ. ಸಂಬಂಧಿಕರೊಬ್ಬರು ಬೇರೆ ರಾಜ್ಯದಿಂದ ಹಾಕಿದ್ದು. ನೋಡಿದ ಎಷ್ಟೋ ಜನ ಇದು ನಕಲಿ ಅಂತ ಬೈದರು, ನೋಡಲು ಅಷ್ಟು ವಿಚಿತ್ರವಾಗಿತ್ತು. ಅದು ನಿಜ. ಅವರನ್ನೆಲ್ಲ ಅದೇ ದಿನ ಹೊರಗೆ ತಂದರು. ಹಾಗಾಗಿ 'ನಂಬಲು ಆಗುತ್ತಿಲ್ಲ' ಅನ್ನುವ ಅನಿಸಿಕೆ ಪರೀಕ್ಷೆ ಅಲ್ಲ. ನಾವು ಮಾಡುತ್ತಿದ್ದುದು ಇಷ್ಟೇ. ಫೋಟೋವನ್ನು ಹುಡುಕುಯಂತ್ರದಲ್ಲಿ ಹಾಕಿ ಹಳೇದು ಸಿಗುತ್ತದಾ ನೋಡುವುದು. ಸಿಗಲಿಲ್ಲ ಅಂದರೆ ಕಳಿಸಿದವರ ಹತ್ತಿರ ಅದೇ ಜಾಗದ ಇನ್ನೊಂದು ಫೋಟೋ, ಬೇರೆ ಕೋನದಿಂದ ಕೇಳುವುದು. ಅಲ್ಲೇ ಇದ್ದವರಿಗೆ ಅದು ಹತ್ತು ಸೆಕೆಂಡಿನ ಕೆಲಸ. ಫಾರ್ವರ್ಡ್ ಮಾಡಿದವರು ಅಲ್ಲೇ ನಿಂತುಬಿಡುತ್ತಾರೆ.

ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಇರುತ್ತದಲ್ಲ, 'ಹಲವು ಬಾರಿ ಫಾರ್ವರ್ಡ್ ಆಗಿದೆ' ಅಂತ. ಮೂಲದವರಿಂದ ಕನಿಷ್ಠ ಐದು ಕೈ ದಾಟಿ ಬಂದಿದ್ದಕ್ಕೆ ಅದು ಬೀಳುತ್ತದೆ. ಸಹಾಯದ ಕೋರಿಕೆಗೆ ಆ ಗುರುತು ಇದ್ದರೆ, ಸುಳ್ಳು ಅಂತಲ್ಲ, ಹಳೇದಿರಬಹುದು ಅಂತ ಲೆಕ್ಕ. ಮೊದಲು ಕರೆ, ಆಮೇಲೆ ಪಟ್ಟಿ.

ವದಂತಿಗೆ ಉತ್ತರ ಕೊಡುವುದು ಮಾತ್ರ ನಿಮ್ಮ ಕೆಲಸ ಅಲ್ಲ, ಅದು ಅಧಿಕಾರಿಗಳೇ ಮಾಡಬೇಕಾದ್ದು. 2011ರ ಜನವರಿಯ ನೆರೆಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪೊಲೀಸರು ಇದನ್ನು ಚೆನ್ನಾಗಿ ಮಾಡಿದರು. ಫೇಸ್‌ಬುಕ್, ಟ್ವಿಟರ್‌ನಲ್ಲಿ ಒಂದೊಂದು ವದಂತಿಯನ್ನೂ ಹೆಸರಿಸಿ 'ಮಿತ್‌ಬಸ್ಟರ್' ಎಂಬ ಗುರುತು ಹಾಕಿ ಇದು ಸುಳ್ಳು ಅಂತ ಬರೆಯುತ್ತಿದ್ದರು. ಜನಕ್ಕೆ ಅದೇ ರೂಢಿಯಾಗಿ, ಏನಾದರೂ ಕೇಳಿದರೆ ಮೊದಲು ಅಲ್ಲಿ ಹೋಗಿ ನೋಡುತ್ತಿದ್ದರು. ನಿಮ್ಮ ಇಲಾಖೆಯವರು ಅಂಥ ಪುಟ ನಡೆಸುತ್ತಿದ್ದರೆ ಅದರ ಕೊಂಡಿ ಮಾತ್ರ ಹಂಚಿ. ಸ್ವಂತ ವ್ಯಾಖ್ಯಾನ ಬೇಡ.

ಸಂಜೆಮಲ್ಲಿಗೆ ಉತ್ತರಿಸಿದ್ದಾರೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಗುಂಪಿನಲ್ಲಿ ಓದಿಸಿದೆ. ಹಿರಿಯರು 'ನೋಡೋಣ' ಅನ್ನುವ ಮಟ್ಟಕ್ಕೆ ಬಂದಿದ್ದಾರೆ!

ಇನ್ನೆರಡು ಅನುಮಾನ. ನಮ್ಮ ಗುಂಪಿನ ಹೆಣ್ಣುಮಕ್ಕಳು ಕೇಳುತ್ತಿದ್ದಾರೆ, ಫೋನ್ ನಂಬರ್ ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಆಮೇಲೆ ತೊಂದರೆ ಆಗುವುದಿಲ್ಲವೇ ಅಂತ. ಮತ್ತೆ ಆ ಆಪ್ ವಿಷಯ. ಹುಡುಗ ಈಗಾಗಲೇ ವಿನ್ಯಾಸ ಶುರುಮಾಡಿದ್ದಾನೆ, ಬೇಡ ಅನ್ನಲು ಮನಸ್ಸಿಲ್ಲ.

ಕೀಲಿಮಣೆ ಉತ್ತರಿಸಿದ್ದಾರೆ:

ತೊಂದರೆ ಆಗುತ್ತದೆ. ಆಗಿದೆ ಕೂಡ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಆಮ್ಲಜನಕ, ಪ್ಲಾಸ್ಮಾ ಬೇಕು ಅಂತ ಎಷ್ಟೋ ಹೆಣ್ಣುಮಕ್ಕಳು ತಮ್ಮ ನಂಬರ್ ಹಾಕಿದ್ದರು. ಅಪ್ಪನಿಗೆ ಹಾಸಿಗೆ ಹುಡುಕುತ್ತಿರುವಾಗ ಅಸಹ್ಯದ ಸಂದೇಶ, ಗೊತ್ತಿಲ್ಲದವರ ವಿಡಿಯೋ ಕರೆ. ಇದು ಆಗ ಪತ್ರಿಕೆಗಳಲ್ಲೂ ಬಂತು. ನಂಬರ್ ಒಮ್ಮೆ ಹೊರಗೆ ಹೋದರೆ ವಾಪಸ್ ತರುವುದು ಕಷ್ಟ.

ಅದಕ್ಕೆ ನಮ್ಮ ಪದ್ಧತಿ ಹೀಗಿತ್ತು. ಸಾರ್ವಜನಿಕ ಪೋಸ್ಟಿನಲ್ಲಿ ಗುಂಪಿನ ಒಂದು ನಂಬರ್ ಮಾತ್ರ, ಜೊತೆಗೆ ಕೋರಿಕೆಯ ಕ್ರಮಸಂಖ್ಯೆ. ಮನೆಯವರ ನಂಬರ್ ಕೋರಿಕೆಗಳನ್ನು ಬರೆದಿಡುವ ನಮ್ಮ ಆನ್‌ಲೈನ್ ಹಾಳೆಯಲ್ಲಿ (ಸ್ಪ್ರೆಡ್‌ಶೀಟ್) ಮಾತ್ರ. ಆ ಹಾಳೆ ಕೆಲವರಿಗೆ ಮಾತ್ರ ತೆರೆಯುತ್ತಿತ್ತು. ಕೋರಿಕೆ ಮುಚ್ಚಿದ ಮೇಲೆ ನಂಬರ್ ಅಳಿಸುವುದು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೇ ಒಬ್ಬರನ್ನು ನೇಮಿಸಿ.

ಹಾಳೆ ಅಂದಾಗ ನೆನಪಾಯಿತು. ಆನ್‌ಲೈನ್ ಹಾಳೆಯನ್ನು 'ಕೊಂಡಿ ಇರುವ ಯಾರೂ ತಿದ್ದಬಹುದು' ಅಂತ ಬಿಡಲೇಬೇಡಿ. ನಮಗೆ ಬೇರೆ ತಂಡವೊಂದು ಕೊಟ್ಟ ಹಾಳೆಯಲ್ಲಿ ಯಾರೋ ಪುಣ್ಯಾತ್ಮರು ವಿಳಾಸದ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸಿದ್ದರು. ಪಕ್ಕದ ಕಾಲಂಗಳು ಅಲ್ಲೇ ಇದ್ದವು. ನೋಡಲು ಹಾಳೆ ಅಚ್ಚುಕಟ್ಟಾಗಿತ್ತು, ಆದರೆ ಒಬ್ಬರ ವಿಳಾಸದ ಮುಂದೆ ಇನ್ನೊಬ್ಬರ ನಂಬರು. 'ಮಹಡಿಯಲ್ಲಿ ಗರ್ಭಿಣಿ ಇದ್ದಾರೆ' ಅಂತ ಬರೆದ ಸಾಲಿಗೆ ಕರೆ ಮಾಡಿದರೆ ಒಬ್ಬ ಹಾಸ್ಟೆಲ್ ಹುಡುಗ ಎತ್ತಿದ. ಹಳೆಯ ಆವೃತ್ತಿ ತೆಗೆದು ಸರಿಮಾಡಿದರು, ಆದರೆ ಅಷ್ಟರಲ್ಲಿ ಸೇರಿದ್ದ ಹೊಸ ಸಾಲುಗಳನ್ನೆಲ್ಲ ಮತ್ತೆ ಕೈಯಲ್ಲಿ ತುಂಬಬೇಕಾಯಿತು. ತಿದ್ದುವ ಅಧಿಕಾರ ಪಾಳಿಗೆ ಇಬ್ಬರಿಗೆ, ಉಳಿದವರು ನೋಡಲಿ ಸಾಕು. ವಿಂಗಡಿಸಿ ನೋಡಬೇಕಾದವರಿಗೆ 'ಫಿಲ್ಟರ್ ನೋಟ' ಅಂತ ಬೇರೆ ಸೌಲಭ್ಯವೇ ಇದೆ.

ಆಪ್ ಬಗ್ಗೆ ನೇರವಾಗಿ ಹೇಳುತ್ತೇನೆ, ಹುಡುಗನಿಗೆ ಬೇಜಾರಾಗದಿರಲಿ. ಕುತ್ತಿಗೆಯವರೆಗೆ ನೀರಿದ್ದಾಗ ಯಾರೂ ಹೊಸ ಆಪ್ ಇಳಿಸಿಕೊಳ್ಳುವುದಿಲ್ಲ. ದಿನಾ ಬಳಸುವುದನ್ನೇ ತೆರೆಯುತ್ತಾರೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆದಾಗ ಕೆಲಸಕ್ಕೆ ಬಂದಿದ್ದು ಸಾಮಾನ್ಯ ಎಸ್‌ಎಂಎಸ್. ಜನ 4636ಕ್ಕೆ ಕ್ರಿಯೋಲ್ ಭಾಷೆಯಲ್ಲಿ ಸಂದೇಶ ಕಳಿಸಿದರು. ಹೊರದೇಶಗಳಲ್ಲಿದ್ದ ಹೈಟಿಯವರು ಕೂತು ಅನುವಾದ ಮಾಡಿದರು. ಉಷಾಹಿಡಿ ಎಂಬ ತಂತ್ರಾಂಶದಲ್ಲಿ ಅದು ನಕ್ಷೆಯ ಮೇಲೆ ಬಂತು. ಆ ತಂತ್ರಾಂಶವೂ ಹೈಟಿಗಾಗಿ ಹುಟ್ಟಿದ್ದಲ್ಲ, 2008ರಲ್ಲಿ ಕೀನ್ಯಾದ ಚುನಾವಣಾ ಗಲಭೆಯ ವೇಳೆ ಮಾಡಿದ್ದು. ಮೊದಲೇ ಸಿದ್ಧ ಇತ್ತು, ತಂದು ಹೊಂದಿಸಿಕೊಂಡರು. 2018ರ ಆಗಸ್ಟ್‌ನಲ್ಲಿ ಕೇರಳದ ನೆರೆಯಲ್ಲಿ ಸ್ವಯಂಸೇವಕರು ಕಟ್ಟಿದ ಕೇರಳರೆಸ್ಕ್ಯೂ ಕೂಡ ಆಪ್ ಅಲ್ಲ, ಫೋನಿನ ಬ್ರೌಸರಿನಲ್ಲಿ ತೆರೆಯುವ ಸಾದಾ ತಾಣ. ಅದರ ಕೋಡ್ ಮುಕ್ತವಾಗಿದೆ, ಹುಡುಗ ಅದನ್ನು ತೆಗೆದು ಓದಲಿ.

ಅವನಿಗೆ ಕೆಲಸ ಬೇಕಾದರೆ ಇದನ್ನು ಕೊಡಿ: ಬಂದ ಸಂದೇಶದಲ್ಲಿ ಫೋನ್ ನಂಬರ್ ಹುಡುಕಿ, ಹಾಳೆಯಲ್ಲಿ ಆಗಲೇ ಇದೆಯಾ ಅಂತ ತಿಳಿಸುವ ಒಂದು ಸಣ್ಣ ಪ್ರೋಗ್ರಾಂ. ಯಾರಿಗೂ ಕಾಣುವುದಿಲ್ಲ, ಹೆಸರೂ ಬರುವುದಿಲ್ಲ. ರಾತ್ರಿ ಪಾಳಿಯವರು ಮಾತ್ರ ಅವನಿಗೆ ಋಣಿಯಾಗಿರುತ್ತಾರೆ.

ಹಳೇ ರೇಡಿಯೋ ಉತ್ತರಿಸಿದ್ದಾರೆ:

ಆ ಹಾಳೆಯನ್ನು ಎರಡು ಗಂಟೆಗೊಮ್ಮೆ ಪ್ರಿಂಟ್ ತೆಗೆದಿಡಿ. ನಗಬೇಡಿ. ನೆಟ್ ಹೋದ ಮೇಲೆ ನಾನು ರೇಡಿಯೋದಲ್ಲಿ ಓದಿ ಹೇಳಲು ಕಾಗದ ಬೇಕು.

ಸಂಜೆಮಲ್ಲಿಗೆ ಉತ್ತರಿಸಿದ್ದಾರೆ:

ನಗಲಿಲ್ಲ, ಪ್ರಿಂಟರ್ ಯಾರ ಮನೆಯಲ್ಲಿದೆ ಅಂತ ವಿಚಾರಿಸುತ್ತಿದ್ದೇನೆ! ಬರುವ ಭಾನುವಾರ ಒಂದು ಅಣಕು ಅಭ್ಯಾಸ ಮಾಡೋಣ ಅಂತಿದ್ದೇವೆ. ಅರ್ಧ ಜನ ಕೋರಿಕೆ ಕಳಿಸುವುದು, ಅರ್ಧ ಜನ ನಿಭಾಯಿಸುವುದು. ಕೀಲಿಮಣೆ ಅವರೇ, ಅದಕ್ಕೆ ಏನಾದರೂ ಸಲಹೆ?

ಕೀಲಿಮಣೆ ಉತ್ತರಿಸಿದ್ದಾರೆ:

ಎಲ್ಲ ಸಂದೇಶದ ಮೇಲೆ 'ಇದು ಅಭ್ಯಾಸ' ಅಂತ ದಪ್ಪಕ್ಷರದಲ್ಲಿ ಹಾಕಿ, ಗುಂಪಿನ ಹೊರಗೆ ಒಂದೂ ಹೋಗಬಾರದು. ಕೋರಿಕೆ ಕಳಿಸುವವರಿಗೆ ಕೆಟ್ಟದಾಗಿ ಬರೆಯಲು ಹೇಳಿ. ಕೆಲವರು ಸಮಯ ಬಿಡಲಿ, ಕೆಲವರು ತಮ್ಮದೇ ಪಿನ್ ಕಳಿಸಲಿ, ಒಬ್ಬರು ಅದೇ ಮನೆಯನ್ನು ಮೂರು ಹೆಸರಿನಲ್ಲಿ ಕಳಿಸಲಿ. ಒಬ್ಬರು ಮಧ್ಯದಲ್ಲಿ ಫೋನ್ ಆಫ್ ಮಾಡಿ ಕೂರಲಿ. ಕೊನೆಗೆ ಎಷ್ಟು ಕೋರಿಕೆ ಬಂದವು ಅಂತ ಎಣಿಸಬೇಡಿ, ಎಷ್ಟು ಮುಚ್ಚಿದಿರಿ ಅಂತ ನೋಡಿ. ಹಿರಿಯರನ್ನು ನಿಯಂತ್ರಣ ಕೊಠಡಿಯವರ ಪಾತ್ರಕ್ಕೆ ಹಾಕಿ. ಗೊಣಗುವುದರಲ್ಲಿ ಅವರಿಗೆ ಅಭ್ಯಾಸ ಇದೆ ಅಂತ ಕಾಣುತ್ತದೆ, ಆ ಪಾತ್ರಕ್ಕೆ ಅದೇ ಬೇಕು.